ನಾರಾಯಣಪುರಕ್ಕೆ ಪಂಚಮಿ ಕರೆಯಲು ಹೋದದ್ದು

ಪಂಚಮಿ ಹತ್ತಿರ ಬಂದಿತ್ತು. ಘಾಟಬೋರಾಳದಿಂದ ಮುಂಜಾನೆ ಮೊದಲ ಬಸ್ಸಿಗೆ ಹೊರಟೆ. ನಮ್ಮ ಕಡೆ ಈ ಹಬ್ಬಕ್ಕೆ ಅಣ್ಣನಾದವನು ತಂಗಿಯ ಮನೆಗೆ ಹೋಗಿ ಅವಳನ್ನು ತವರಿಗೆ ಕರೆದು ತರಬೇಕು. ಅವಳ ಮದುವೆಯಾದಾಗಿನಿಂದ ನಾನು ಒಂದು ವರ್ಷವೂ ತಪ್ಪಿಸಿಲ್ಲ. ಈ ಸಲ ಮಾತ್ರ ತಂಗಿ ಜಗದೇವಿ ಫೋನಿನಲ್ಲಿ, "ಬರಾಕ ಆಗಂಗಿಲ್ಲಣ್ಣಾ, ನೀ ಸುಮ್ನ ತಕಲೀಫ್ ತಗೋಬ್ಯಾಡ" ಎಂದು ಇಟ್ಟುಬಿಟ್ಟಳು. ಯಾಕೆ ಅಂತ ಹೇಳಲಿಲ್ಲ. ಬರಬೇಡ ಎಂದಳಲ್ಲ, ಅದಕ್ಕೇ ಹೊರಟೆ.

ಸಂಶಯ ಮೊದಲೇ ಇತ್ತು. ಸರ್ಕಾರದವರು ಅವಳ ಖಾತೆಗೆ ತಿಂಗಳಿಗೆ ಎರಡು ಸಾವಿರ ಹಾಕಲು ಸುರು ಮಾಡಿದ ಮೇಲೆ ಅವಳ ಮಾತಿನ ಧಾಟಿ ಬದಲಾಗಿತ್ತು. ಬೇಸಿಗೆಯಲ್ಲಿ ನಾನು ಕಳಿಸಿದ ಜೋಳದ ಚೀಲವನ್ನು ವಾಪಸ್ ಕಳಿಸಿದಳು. ನಾನು ಐದನೇ ಈಯತ್ತೆಗೆ ಶಾಲೆ ಬಿಟ್ಟು ಗೌಂಡಿ ಕೆಲಸಕ್ಕೆ ಇಳಿದವನು. ಹುಮನಾಬಾದಿನಲ್ಲಿ ನಾನು ಕಟ್ಟಿದ ಗೋಡೆಗಳಲ್ಲಿ ಇವತ್ತಿಗೂ ಒಂದು ಬಿರುಕಿಲ್ಲ. ದುಡಿಯದೆ ಬಂದ ರೊಕ್ಕ ಮನೆಯಲ್ಲಿ ಏನು ಮಾಡೀತೋ ಎಂಬ ಅಂಜಿಕೆ ನನ್ನದು.

ಹುಮನಾಬಾದಿನಲ್ಲಿ ಇಳಿದಾಗ ಜಿಟಿಜಿಟಿ ಮಳೆ. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಚಹಾ, ಬಿಸಿ ಮಿರ್ಚಿಭಜಿ ತಿಂದೆ. ಪಕ್ಕದ ಬೆಂಚಿನಲ್ಲಿ ಬೀಜದ ಅಂಗಡಿಯವನೊಬ್ಬ ಕುಳಿತಿದ್ದ. ನಾನು ಹೊರಟ ಕಾರಣ ಕೇಳಿ ನಕ್ಕ.

"ನಿಮ್ಮ ತಂಗಿ ಈಗ ಸಾಹುಕಾರ್ತಿ ಆಗ್ಯಾಳ್ರಿ. ರೊಕ್ಕ ಬಂದಾಗಿಂದ ಹೆಣ್ಮಕ್ಕಳು ಕಳೆ ತಗ್ಯಾಕ ಬರವಲ್ರು. ಇನ್ನ ತವರಿಗೆ ಬರ್ತಾರೇನ್ರಿ?"

ಅವನ ಮಾತು ಸೇರಲಿಲ್ಲ. ಆದರೂ ದಾರಿಯುದ್ದಕ್ಕೂ ಕಿವಿಯಲ್ಲೇ ಇತ್ತು.

ಬಸವಕಲ್ಯಾಣದ ಬಸ್ಸಿನಲ್ಲಿ ಹೆಂಗಸರೇ ಜಾಸ್ತಿ, ಎಲ್ಲರದೂ ಬಿಟ್ಟಿ ಟಿಕೀಟು. ನಾನು ನಲವತ್ತು ರೂಪಾಯಿ ಕೊಟ್ಟೂ ನಿಂತೇ ಹೋದೆ. ಸಸ್ತಾಪುರ ಬಂಗ್ಲಾದ ತನಕ ಹೆದ್ದಾರಿ, ಸೋಲಾಪುರದ ಲಾರಿಗಳ ಸಾಲು. ಅಲ್ಲಿಂದ ಒಳಗೆ ತಿರುಗಿದ ಮೇಲೆ ಎರಡೂ ಕಡೆ ಸೋಯಾ, ಉದ್ದು, ಮೊಳಕಾಲೆತ್ತರದ ತೊಗರಿ. ಕಳೆ ತೆಗೆಯುವ ಹೆಂಗಸರು ಪ್ರತಿ ಹೊಲದಲ್ಲೂ ಇದ್ದರು. ಬೀಜದ ಅಂಗಡಿಯವನು ಹೊಲ ನೋಡಿ ಎಷ್ಟು ದಿನವಾಯಿತೋ ಅನ್ನಿಸಿತು.

ಬಸವಕಲ್ಯಾಣದಿಂದ ಆಟೋ ಹಿಡಿದು ನಾರಾಯಣಪುರದ ಹಳೆಯ ಶಿವನ ಗುಡಿಯ ಹತ್ತಿರ ಇಳಿದೆ. ಮಧ್ಯಾಹ್ನವಾಗಿತ್ತು. ತಂಗಿಯ ಮನೆಯ ಅಂಗಳ ಮುಟ್ಟಿದಾಗ ಕಂಡದ್ದನ್ನು ನೋಡಿ ಕಾಲು ಅಲ್ಲೇ ನಿಂತಿತು. ಅವಳ ಗಂಡ ಮಾಣಿಕಪ್ಪ ಕುಕ್ಕರಗಾಲಿನಲ್ಲಿ ಕೂತು ಬೂದಿ ಹಚ್ಚಿ ಬಾಂಡೆ ತಿಕ್ಕುತ್ತಿದ್ದ. ತಂಗಿ ಕಟ್ಟೆಯ ಮೇಲೆ ಕೈ ಮಡಿಲಲ್ಲಿಟ್ಟು ಕೂತಿದ್ದಳು.

"ಬರ್ರಿ ಮಾವಾರ" ಎಂದು ಮಾಣಿಕಪ್ಪ ಕೈ ಒರೆಸಿಕೊಂಡು ಎದ್ದ.

ನಾನು ಅವನನ್ನು ದಾಟಿ ತಂಗಿಯ ಮುಂದೆ ಹೋಗಿ ನಿಂತೆ. "ಏನವ್ವಾ, ಪಗಾರ ಸುರುವಾಗ್ಯಾದಂತ ಗಂಡನ್ನ ಆಳು ಇಟ್ಕೊಂಡೀ?" ಎಂದೆ.

"ಬರಬ್ಯಾಡ ಅಂದ್ರೂ ಬಂದಿ, ಬಂದಕೂಡ್ಲೆ ಬೈಯಾಕತ್ತಿ" ಎಂದು ಅವಳು ನಕ್ಕಳು. ಬಲಗೈ ಎತ್ತಿ ತೋರಿಸಿದಳು. ಹೆಬ್ಬೆಟ್ಟಿಗೆ ಕೊಬ್ಬರಿ ಎಣ್ಣೆಯಲ್ಲಿ ನೆನೆಸಿದ ಅರಿವೆ ಸುತ್ತಿತ್ತು.

"ಗಾಯ ಆಗ್ಯಾದೇನು?"

"ಗಾಯ ಆಗಿಲ್ಲಣ್ಣಾ, ಸವದಾದ."

ಮುಖ ತೊಳೆದು ಕೂತ ಮೇಲೆ ಸಂಗತಿ ತಿಳಿಯಿತು. ಊರಿಗೆ ಒಬ್ಬ ಹುಡುಗ ಮಷೀನ್ ತರುತ್ತಾನೆ. ಅದರ ಗಾಜಿನ ಮೇಲೆ ಹೆಬ್ಬೆಟ್ಟು ಇಟ್ಟರೆ ಖಾತೆಯ ರೊಕ್ಕ ಕೈಗೆ ಬರುತ್ತದೆ. ಕಳೆ ಕಿತ್ತು, ತೊಗರಿ ಕೊಯ್ದು, ಬಾಂಡೆ ತಿಕ್ಕಿ ತಂಗಿಯ ಹೆಬ್ಬೆಟ್ಟಿನ ಗೆರೆ ಅಳಿಸಿಹೋಗಿತ್ತು. ಹೋದ ಎರಡು ಸಲವೂ ಮಷೀನ್ ಒಪ್ಪಲಿಲ್ಲ. ಬ್ಯಾಂಕಿನಲ್ಲಿಯೂ ಅದೇ ಕಥೆ. ಅದಕ್ಕೇ ಊರ ಹೆಂಗಸರು ಒಂದು ಉಪಾಯ ಹೂಡಿದ್ದರು. ಮಷೀನ್ ಬರುವ ವಾರ ಬೂದಿ, ಇಟ್ಟಂಗಿ ಪುಡಿ ಮುಟ್ಟುವುದಿಲ್ಲ, ಹೆಬ್ಬೆಟ್ಟಿಗೆ ಎಣ್ಣೆ ಹಚ್ಚಿ ಕಾಯುತ್ತಾರೆ. ಬಾಂಡೆ ಗಂಡಸರ ಪಾಲಿಗೆ.

"ಓಣಿ ತುಂಬಾ ಹಿಂಗೇ ಅದರಿ ಮಾವಾರ" ಎಂದ ಮಾಣಿಕಪ್ಪ. "ನಾ ಒಬ್ಬನೇ ಅಲ್ಲ."

ನನಗೆ ಪೂರಾ ನಂಬಿಕೆ ಬರಲಿಲ್ಲ. ಎರಡು ತಿಂಗಳ ರೊಕ್ಕ ಎಲ್ಲಿ ಹೋಯಿತು? ಮಷೀನಿನವನೇ ಹೊಡೆದನೋ, ಇವನು ಕುಡಿದನೋ? ಮಾಣಿಕಪ್ಪ ಹತ್ತಿರ ಬಂದಾಗೊಮ್ಮೆ ಬಾಯಿ ವಾಸನೆ ನೋಡಿದೆ. ಎಲೆ ಅಡಿಕೆ ಅಷ್ಟೇ.

ಸಂಜೆ ತಂಗಿ ಆಡುಗಳನ್ನು ಹೊಡೆದುಕೊಂಡು ಗುಡಿಯ ಹಿಂದಿನಿಂದ ಬಂದಳು. ಅವು ಊರ ಸಾಹುಕಾರನವು. ಇವಳು ಪಾಲಿಗೆ ಸಾಕುತ್ತಾಳೆ. ಮೇಯಿಸುವುದು ಇವಳು, ಹುಟ್ಟಿದ ಮರಿಯಲ್ಲಿ ಅರ್ಧ ಅವನದು, ಉಳಿದರ್ಧ ಸಂತೆಯಲ್ಲಿ ಮಾರಿ ಸಂಸಾರಕ್ಕೆ. ಅದರಲ್ಲಿ ಚಂದ್ರಿ ಎಂಬ ಗಬ್ಬದ ಆಡಿನ ಕೊರಳು ಸವರುತ್ತಾ ಹೇಳಿದಳು:

"ಇದನ್ನ ಸಾಹುಕಾರ ಮಾರಾಕತ್ತಾನ. ರೊಕ್ಕ ಕೊಟ್ಟು ಬಿಡಿಸ್ಕೋ ಅಂತ ನಾಳಿ ಮಧ್ಯಾಹ್ನದ ತನಾ ನನಗ ಟೈಮ್ ಕೊಟ್ಟಾನ, ಆಮ್ಯಾಲ ಕಲ್ಯಾಣದ ಕಟುಗ ಒಯ್ತಾನ. ಮಷೀನೂ ನಾಳೇನ ಬರ್ತದ. ಇದನ್ನ ಬಿಟ್ಟು ಪಂಚಮಿಗೆ ಹ್ಯಾಂಗ ಬರ್ಲಿ?"

"ಇಷ್ಟಕ್ಕ ಇಷ್ಟು ಫಿಕರ್ ಮಾಡ್ತಾರೇನು? ನಾ ಕೊಡ್ತೀನಿ ರೊಕ್ಕ."

"ಬ್ಯಾಡ. ನೀ ಕೊಟ್ರ ಇದು ಅಣ್ಣನ ಆಡು ಆಗ್ತದ. ಇಷ್ಟು ವರ್ಷ ಸಾಹುಕಾರಂದು ಮೇಯಿಸೀನಿ. ಒಂದರ ನಂದು ಇರ್ಲಿ."

ಯಾರ ಮುಂದೂ ಕೈ ಒಡ್ಡದವನು ನಾನೊಬ್ಬನೇ ಅಂದುಕೊಂಡಿದ್ದೆ. ಆ ರಾತ್ರಿ ರೊಟ್ಟಿ, ಪುಂಡಿಪಲ್ಯ ಉಂಡು ಕಟ್ಟೆಯ ಮೇಲೆ ಮಲಗಿದೆ.

ಮರುದಿನ ಮುಂಜಾನೆ ಹನುಮಪ್ಪನ ಕಟ್ಟೆಗೆ ಮಷೀನಿನವನು ಬಂದ. ಕೊರಳಲ್ಲಿ ಗುರುತಿನ ಕಾರ್ಡು. ಕಾರ್ಡಿನ ಫೋಟೋಕ್ಕೂ ಅವನ ಮುಖಕ್ಕೂ ಎರಡು ಸಲ ತಾಳೆ ನೋಡಿದೆ. ಅವನ ಬೆನ್ನ ಹಿಂದೆಯೇ ಹೋಗಿ ನಿಂತೆ.

"ಕಾಕಾ, ಜರಾ ಬಾಜು ಸರೀರಿ. ಬೆಳಕು ಬೀಳವಲ್ದು."

"ಬೆಳಕು ಸಾಕಷ್ಟು ಅದ. ನೀ ಕೆಲ್ಸ ಮಾಡು" ಎಂದೆ.

ತಂಗಿ ಅರಿವೆ ಬಿಚ್ಚಿ, ಸೆರಗಿನಿಂದ ಎಣ್ಣೆ ಒರೆಸಿ ಹೆಬ್ಬೆಟ್ಟು ಇಟ್ಟಳು. ಮಷೀನ್ ಕೆಂಪು ತೋರಿಸಿತು. ಇನ್ನೊಮ್ಮೆ ಇಟ್ಟಳು, ಮತ್ತೆ ಕೆಂಪು. ಗುಡಿಯ ಕಡೆಯಿಂದ ಚಂದ್ರಿ ಒದರುವುದು ಕೇಳುತ್ತಿತ್ತು.

"ರೊಕ್ಕ ನೀ ಹೊಡದು ಬಟ್ಟು ಬರಾಂಗಿಲ್ಲ ಅಂತೀಯೇನು?" ಎಂದು ನಾನು ಏರಿ ಹೋದೆ.

ಅವನು ಸಿಟ್ಟಿಗೆದ್ದ. "ಹೋದ ಸಲಾನೂ ಹೇಳೀನ್ರಿ, ಬ್ಯಾರೆ ಬಟ್ಟು ಇಡ್ರಿ ಅಂತ. ಹತ್ತರಾಗ ಯಾವುದರ ನಡೀತದ. ನಿಮ್ಮ ತಂಗೀನೇ ಕೈ ಹಿಂದಕ್ಕ ಎಳಕೊಂಡ್ರು!"

ಎಲ್ಲರೂ ತಂಗಿಯ ಕಡೆ ನೋಡಿದರು. ಅವಳು ತಲೆ ತಗ್ಗಿಸಿದಳು. "ಅಪ್ಪನ ಕಾಲದಿಂದ ಹೆಬ್ಬೆಟ್ಟೇ ಒತ್ತೀವಿ. ಬ್ಯಾರೆ ಬಟ್ಟು ಒತ್ತಿದ್ರ ಬ್ಯಾರ್ಯಾರ ಹೆಸರಿಗೆ ಹೋದೀತು ಅಂತ ಅಂಜಿಕಿ."

ಸಂಶಯ ನಮ್ಮ ಮನೆತನದ ಗುಣ. "ಇಡವ್ವಾ, ನಾ ನಿಂತೀನಲ್ಲ" ಎಂದೆ. ಅವಳು ಉಂಗುರದ ಬೆರಳು ಇಟ್ಟಳು. ಮಷೀನ್ ಹಸಿರಾಯಿತು.

ಪಕ್ಕದಲ್ಲಿ ನಿಂತಿದ್ದ ಮಾಣಿಕಪ್ಪ ಕೈ ಜಾಡಿಸಿದ. "ಹಾಂಗಾದ್ರ ನಾ ಬಾಂಡೆ ತಿಕ್ಕಿದ್ದು ಸುಮ್ನ ಆತಲ್ಲ! ನಾಳಿಂದ ಬಿಟ್ಟೆ."

"ಹ್ಯಾಂಗ ಬಿಡ್ತೀರಿ?" ಎಂದಳು ತಂಗಿ. "ಇಷ್ಟು ದಿನ ಒಂದು ಬಟ್ಟು ಕಾಯ್ತಿದ್ದೆ. ಇನ್ನ ಹತ್ತೂ ಕಾಯಬೇಕು."

ಕಟ್ಟೆಯ ಮೇಲಿನ ಹೆಂಗಸರು ಬಿದ್ದು ಬಿದ್ದು ನಕ್ಕರು. ಮಷೀನಿನವನೂ ನಕ್ಕ. ರೊಕ್ಕವನ್ನು ನಾನು ಮತ್ತೊಮ್ಮೆ ಎಣಿಸಿ ತಂಗಿಯ ಕೈಗೆ ಕೊಟ್ಟೆ. ಅವನನ್ನು ಈಗಲೂ ಪೂರಾ ನಂಬಿಲ್ಲ.

ಹೊತ್ತು ನೆತ್ತಿಗೆ ಬರುವ ಮೊದಲೇ ಸಾಹುಕಾರನಿಗೆ ರೊಕ್ಕ ಮುಟ್ಟಿ, ಚಂದ್ರಿಯ ಹಗ್ಗ ತಂಗಿಯ ಕೈಗೆ ಬಂತು. ಅವಳೇ ಎಂದಳು: "ಈಗ ನಡಿ, ಪಂಚಮಿಗೆ ಬರ್ತೀನಿ. ಆದ್ರ ಇದನ್ನ ಬಿಟ್ಟು ಬರಂಗಿಲ್ಲ. ಸಾಹುಕಾರನ ಹಿಂಡಿನ್ಯಾಗ ಹೊಕ್ರ ನಂದೇ ಅಂತ ಹ್ಯಾಂಗ ತೋರಿಸ್ಲಿ?" ಎರಡೂ ಕೈಗೆ ಎಣ್ಣೆ ತಿಕ್ಕಿಕೊಂಡು ಹೊರಟಳು.

ಊರ ಮುಂದೆ ಸಿಕ್ಕ ಬಸವಕಲ್ಯಾಣದ ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋದೆವು. ಕಂಡಕ್ಟರ್ ತಂಗಿಗೆ ಬಿಟ್ಟಿ ಟಿಕೀಟು ಹರಿದ. ಆಡಿನ ಕಡೆ ನೋಡಿ, "ಇದೂ ಹೆಣ್ಣೇನ್ರಿ? ಹೆಣ್ಣಾದ್ರೂ ಇದಕ್ಕ ರೊಕ್ಕ ಕೊಡಬೇಕು" ಎಂದ. ನಾನು ಅಂಗಿಯ ಕಿಸೆಗೆ ಕೈ ಹಾಕಿದೆ. ತಂಗಿ ಥಟ್ಟನೆ ನನ್ನ ಎದೆಯ ಮೇಲೆ ಅಂಗೈ ಒತ್ತಿ ತಡೆದಳು.

"ನಿನ್ನ ಟಿಕೀಟು ನೀ ತಗೋ. ಆಡಿಂದು ನಾ ತಗೋತೀನಿ."

ಸೆರಗಿನ ಗಂಟು ಬಿಚ್ಚಿ ಎಣಿಸಿ ಕೊಟ್ಟಳು. ಕಿಟಕಿಯಲ್ಲಿ ನಾರಾಯಣಪುರದ ಗುಡಿ ಹಿಂದೆ ಸರಿಯಿತು. ಅದರ ಗೋಡೆಯ ನೆರಳಿನಲ್ಲಿ ಸಾಹುಕಾರನ ಆಡುಗಳು ಕಾಯುವವರಿಲ್ಲದೆ ಮೇಯುತ್ತಿದ್ದವು. ನನ್ನ ಬಿಳಿ ಅಂಗಿಯ ಕಿಸೆಯ ಮೇಲೆ ಎಣ್ಣೆಯ ಐದು ಬೆರಳು ಮೂಡಿದ್ದವು. ಹುಮನಾಬಾದ್ ದಾಟುವ ತನಕ ನಾನು ಅವನ್ನು ಒರೆಸಲಿಲ್ಲ.