ವೈಯಕ್ತಿಕವಾಗಿ ಪರಿಶೀಲಿಸಲಾಗಿದೆ

ಆ ಕೇಸು ಗೆದ್ದೆ ಎಂದು ಸಾಗರದ ವಕೀಲರ ಕೋಣೆಯಲ್ಲಿ ಈಗಲೂ ಹೇಳಿಕೊಳ್ಳುತ್ತೇನೆ. ಪ್ರತಿಸಲ ಹೇಳುವಾಗಲೂ ನ್ಯಾಯಮೂರ್ತಿಗಳ ದನಿ ಇನ್ನಷ್ಟು ಗಂಭೀರವಾಗುತ್ತದೆ, ಸರ್ಕಾರಿ ವಕೀಲರು ಇನ್ನಷ್ಟು ತಡವರಿಸುತ್ತಾರೆ. ಹಾಗಾಗಿ ನೆನಪನ್ನು ನಂಬದೆ ಫೈಲು ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಫೈಲೂ ಸುಳ್ಳು ಹೇಳುತ್ತದೆ, ಆದರೆ ಪ್ರತಿಸಲ ಅದೇ ಸುಳ್ಳು.

ಕಕ್ಷಿದಾರರು ಹೊಸನಗರ ತಾಲ್ಲೂಕಿನ ನಿಟ್ಟೂರು ಕಡೆಯ ಹೆಂಗಸು. ಗಂಡ ತೀರಿಕೊಂಡ ಮೇಲೆ ಬೆಳೆ ರಕ್ಷಣೆಯ ಕೋವಿಯ ಪರವಾನಗಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡಿದ್ದರು. ಒಂದು ಎಕರೆ ಬಾಳೆ, ಸುತ್ತ ಕಾಡು, ಕಾಡಿನ ತುಂಬ ಮಂಗ. ದಿನಕ್ಕೆರಡು ಸಲ ಆಕಾಶಕ್ಕೆ ಗುಂಡು ಹಾರಿಸಿ ಮಂಗ ಓಡಿಸುವುದು, ಕೋವಿಗೆ ಇದ್ದ ಕೆಲಸ ಅಷ್ಟೇ. ಚುನಾವಣೆ ಘೋಷಣೆಯಾದರೆ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಯ ಬಸ್ಸುಗಳಲ್ಲಿ ಹಳೇ ಸೀರೆ ಸುತ್ತಿದ ಕೋವಿಗಳು ಪ್ರಯಾಣ ಮಾಡುತ್ತವೆ. ಎಲ್ಲರೂ ತಂದು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕು. ಮತ ಎಣಿಕೆ ಮುಗಿಯುವ ತನಕ ಪ್ರಜಾಪ್ರಭುತ್ವ ಸುರಕ್ಷಿತ, ಬಾಳೆಗೊನೆ ಮಂಗನದು.

"ಮಂಗಗಳಿಗೂ ನೀತಿ ಸಂಹಿತೆ ಹಾಕ್ಸಿ ವಕೀಲ್ರೆ, ಇಲ್ಲಾಂದ್ರೆ ನನ್ನ ಕೋವಿ ಕೊಡ್ಸಿ" ಎಂದರು ಆಕೆ. "ಗೊನೆ ಬಲಿಯೋಕೆ ಇನ್ನು ಮೂರೇ ವಾರ."

ಮೂರು ವಾರ. ಹೈಕೋರ್ಟಿಗೆ ಅರ್ಜಿ ಹಾಕಿದೆ. ವಿಚಾರಣೆ ವಿಡಿಯೊದಲ್ಲಿ, ನನ್ನ ಆಫೀಸಿನ ಕಂಪ್ಯೂಟರಿನ ಮುಂದೆ. ಪರದೆಯ ಮೇಲೆ ನ್ಯಾಯಮೂರ್ತಿಗಳು ಕಂಡದ್ದೇ ಆಕೆ ಎದ್ದು ಕೈಮುಗಿದರು.

ಕೋವಿ ಇಟ್ಟುಕೊಳ್ಳುವುದು ಮೂಲಭೂತ ಹಕ್ಕಲ್ಲ ಎಂದರು ಸರ್ಕಾರಿ ವಕೀಲರು. ದುಡಿದು ಬದುಕುವುದು ಹಕ್ಕು, ಅದಕ್ಕೇ ಬಿದ್ದಿದೆ ಏಟು ಎಂದೆ ನಾನು. ಹಕ್ಕಿಗೆ ಮಿತಿ ಹಾಕಬಹುದು, ಆದರೆ ಮಿತಿ ಹಾಕುವವರು ಉತ್ತರ ಕೊಡಬೇಕು ಎಂದ ನ್ಯಾಯಮೂರ್ತಿಗಳು ಒಂದೊಂದಾಗಿ ಕೇಳಿದರು: ನಿಮ್ಮ ಉದ್ದೇಶ ನ್ಯಾಯವಾದದ್ದೇ? ಈ ಕ್ರಮದಿಂದ ಅದು ಈಡೇರುತ್ತದೆಯೇ? ಇದಕ್ಕಿಂತ ಹಗುರವಾದ ದಾರಿ ಇರಲಿಲ್ಲವೇ? ಊರಿಗಾಗುವ ಒಳಿತು ಈಕೆಗಾಗುವ ನಷ್ಟಕ್ಕಿಂತ ದೊಡ್ಡದೇ?

ಮೊದಲೆರಡಕ್ಕೆ ಸರ್ಕಾರಿ ವಕೀಲರು ಉತ್ಸಾಹದಿಂದ ಉತ್ತರಿಸಿದರು. ಮೂರನೆಯದಕ್ಕೆ, ಇಲಾಖೆಯನ್ನು ಕೇಳಿ ಹೇಳುತ್ತೇನೆ ಎಂದರು. ಹೋಯಿತು ಒಂದು ವಾರ. ಮುಂದಿನ ವಾರ ತಂದ ಉತ್ತರ: ಎಲ್ಲ ಚುನಾವಣೆಯಲ್ಲೂ ಹೀಗೇ ಮಾಡುತ್ತಾ ಬಂದಿದ್ದೇವೆ.

ಆದೇಶ ನಮ್ಮ ಪರವಾಯಿತು. ಸಾರಾಸಗಟಾಗಿ ಕೋವಿ ಕಿತ್ತುಕೊಳ್ಳುವುದು ತಪ್ಪು; ಜಿಲ್ಲೆಯ ಸಮಿತಿ ಒಬ್ಬೊಬ್ಬರನ್ನೂ ವೈಯಕ್ತಿಕವಾಗಿ ಪರಿಶೀಲಿಸಿ, ಒಂದು ವಾರದೊಳಗೆ ಕಾರಣ ಕೊಟ್ಟು ತೀರ್ಮಾನಿಸಬೇಕು.

"ಗೆದ್ವಾ?"

"ಗೆದ್ವಿ ಅಮ್ಮ."

"ಹಂಗಾರೆ ಈಗ್ಲೇ ಠಾಣೆಗೆ ಹೋಗ್ತೀನಿ."

"ಈಗ್ಲೇ ಕೊಡಲ್ಲ. ಸಮಿತಿಯವರು ನೋಡ್ಬೇಕು."

"ಮತ್ತೆ ಎಂತ ಗೆದ್ದದ್ದು ಮಾರಾಯ್ರೆ?"

ಆಗ ಆಕೆ, ಒಂದು ಮಂಗಕ್ಕೆ ಹೆದರಿ ಊರ ಬಾಳೆಯನ್ನೆಲ್ಲ ಕಡಿದ ಹಾಗಾಯ್ತು ಎಂದರೆಂದು ನಾನು ಹಲವರಿಗೆ ಹೇಳಿದ್ದೇನೆ. ಅಂದಿರಲಾರರು. ಇಂಥ ಹೊಳೆಯುವ ಮಾತುಗಳನ್ನು ಹಳ್ಳಿಯವರ ಬಾಯಿಗೆ ತುರುಕುವುದು ನಮ್ಮಂಥವರ ಚಾಳಿ. ಆಕೆ ಕೇಳಿದ್ದು, ಹೊಸನಗರದ ಬಸ್ಸು ಎಷ್ಟೊತ್ತಿಗೆ ಎಂದು.

ಏಳನೆಯ ದಿನ ಸಮಿತಿಯ ಹಿಂಬರಹ ಬಂತು. "ಕೋರಿಕೆಯನ್ನು ವೈಯಕ್ತಿಕವಾಗಿ ಪರಿಶೀಲಿಸಲಾಗಿದೆ. ಸದರಿಯವರ ಜಮೀನು ಸೂಕ್ಷ್ಮ ಮತಗಟ್ಟೆಗೆ ಸಮೀಪದಲ್ಲಿರುವುದರಿಂದ ವಿನಾಯಿತಿ ನೀಡಲು ಅವಕಾಶವಿರುವುದಿಲ್ಲ." ಆಕೆಯ ಬಾಳೆಗೂ ಮತಗಟ್ಟೆಗೂ ನಡುವೆ ಒಂದು ಗುಡ್ಡ, ಎರಡು ಹಳ್ಳ. ಸಂಜೆ ತೀರ್ಥಹಳ್ಳಿಯ ವಕೀಲ ಗೆಳೆಯ ತನ್ನ ಕಕ್ಷಿದಾರನಿಗೆ ಬಂದ ಹಿಂಬರಹದ ಫೋಟೊ ಕಳಿಸಿದ. ಅಕ್ಷರಕ್ಕೆ ಅಕ್ಷರ ಅದೇ. ಸಾಗರದವರಿಗೆ ಬಂದದ್ದೂ ಅದೇ. ಮೂರು ತಾಲ್ಲೂಕಿನ ಜಮೀನುಗಳೆಲ್ಲ ಎದ್ದು ಬಂದು ಒಂದೇ ಮತಗಟ್ಟೆಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತಿದ್ದವು.

ತೂಗಿ ನೋಡಿ ಎಂದಿತ್ತು ಕೋರ್ಟು. ತೂಗಿದ್ದೇವೆ ಎಂದು ಬರೆಯುವುದನ್ನು ಕಲಿತಿತ್ತು ಕಚೇರಿ. ಮೊದಲು ಕಾರಣವಿಲ್ಲದೆ ಕಿತ್ತುಕೊಳ್ಳುತ್ತಿದ್ದರು. ನನ್ನ ಗೆಲುವಿನಿಂದ ಅವರಿಗೊಂದು ಕಾರಣವೂ ಸಿಕ್ಕಿತು, ಇನ್ನು ಮುಂದಿನ ಚುನಾವಣೆಗಳಿಗೂ ಆಗುವಂಥದು. ನನಗೇನು, ಖುಷಿಯೇ. ನ್ಯಾಯಾಂಗ ನಿಂದನೆ ಅರ್ಜಿಯ ಮೊದಲ ಪ್ಯಾರಾ ಆಗಲೇ ತಲೆಯಲ್ಲಿ ಬರೆದಿದ್ದೆ.

ಎಣಿಕೆ ಮುಗಿದ ಮೇಲೆ ಆಕೆ ಬಂದರು. ನಾನು ಗೊನೆಗಳ ಬಗ್ಗೆ ಕೇಳುವ ಮೊದಲು ನಿಂದನೆ ಅರ್ಜಿಯ ಬಗ್ಗೆ ಹೇಳತೊಡಗಿದೆ. ಇದಂತೂ ಸರಿಯಾಗಿ ನೆನಪಿದೆ, ಮರೆಯಲು ಪ್ರಯತ್ನಿಸಿದ್ದರಿಂದ.

"ಒಂದು ಗೊನೆ ಉಳೀಲಿಲ್ಲ ವಕೀಲ್ರೆ. ಕೋವಿ ನಳಿಗೆ ತುಕ್ಕು ಹಿಡ್ದಿದೆ. ಪರವಾನಗಿ ವಾಪಸ್ ಕೊಡ್ತೀನಿ ಅಂತ ಒಂದು ಅರ್ಜಿ ಬರ್ಕೊಡಿ."

"ಯಾಕಮ್ಮ? ಕೇಸು ಇನ್ನೂ ಮುಗಿದಿಲ್ಲ."

"ನಿಮ್ದು ಮುಗಿದಿಲ್ಲ. ಪಂಚಾಯ್ತಿ ಚುನಾವಣೆ ಬತ್ತದಂತೆ. ಮತ್ತೆ ಅದ್ನ ಹೊತ್ಕೊಂಡು ಬಸ್ ಹತ್ತೋದು ಯಾರು?"

ಬರೆದೆ. ಇಂಥ ಅರ್ಜಿಗೊಂದು ನಮೂನೆ ಇದೆ. "ನನ್ನ ಸ್ವಂತ ಇಚ್ಛೆಯಿಂದ" ಎಂಬ ಮಾತು ಅದರಲ್ಲಿ ಮೊದಲೇ ಅಚ್ಚಾಗಿರುತ್ತದೆ. ಆಕೆ ಸಹಿ ಹಾಕಿದರು. ಆ ಅರ್ಜಿಗೆ ಸಮಿತಿ ಕೂರಲಿಲ್ಲ, ಯಾರೂ ಕಾರಣ ಕೇಳಲಿಲ್ಲ. ಕೊಟ್ಟ ದಿನವೇ ಮಂಜೂರಾಯಿತು.

ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದರು: "ಮಂಗ ಓಡ್ಸೋಕೆ ಪಟಾಕಿ ಹೊಡಿಯೋದಕ್ಕೆ ಪರವಾನಗಿ ಬೇಕಾ?"

ನ್ಯಾಯಮೂರ್ತಿಗಳ ಆ ನಾಲ್ಕು ಪ್ರಶ್ನೆಗಳು ನನಗೆ ಬಾಯಿಪಾಠವಿದ್ದವು. ನೋಡಿ ಹೇಳುತ್ತೇನೆ ಎಂದೆ.