ಸಾಕಿದ್ದು ಸಾಕು

ಬೋರ್ಡು ಬರೆಯುವವನನ್ನು ಚಿಕ್ಕಂದಿನಲ್ಲಿ ಸಾಕಿದ್ದು ಸೋದರತ್ತೆ. ಹತ್ತು ತುಂಬಿದ ದಿನ ಅವಳ ಗಂಡ "ಸಾಕಿದ್ದು ಸಾಕು" ಎಂದು ಅವನನ್ನು ಮನೆಯಿಂದಾಚೆ ಹಾಕಿದ್ದ.

ಈಗ ಬಾಡಿಗೆಮನೆಯ ಅಂಗಳದಲ್ಲಿ ಅವನು ಒಣಗಲಿಟ್ಟ ಬೋರ್ಡುಗಳನ್ನು ಮಹಡಿಮನೆ ಅಜ್ಜಿಯ ಹಾಳು ನಾಯಿ ದಿನವೂ ತುಳಿದು, ಹಸಿ ಅಕ್ಷರಗಳನ್ನೆಲ್ಲ ಕಲಸಿಹಾಕುತ್ತಿತ್ತು. ಹೇಳಿ ಹೇಳಿ ಅವನ ಬಾಯಿ ಸೋತಿತ್ತು.

"ಮರಿಯಿಂದ ಸಾಕಿದೀನಪ್ಪ, ಎಲ್ಲಿಗೆ ಅಂತ ಕಳಿಸ್ಲಿ?" ಎಂದಳು ಅಜ್ಜಿ.

"ಸಾಕಿದ್ದು ಸಾಕು! ಎಲ್ಲಾದ್ರೂ ಬಿಟ್ಟು ಬನ್ನಿ, ಇಲ್ಲಾಂದ್ರೆ ಓನರ್‌ಗೆ ಹೇಳ್ತೀನಿ" ಎಂದು ರೇಗಿದ. ಅದು ಯಾರ ಮಾತೆಂದು ಅವನಿಗೆ ಹೊಳೆಯುವಷ್ಟರಲ್ಲಿ ಅಜ್ಜಿ ಬಾಗಿಲು ಹಾಕಿಕೊಂಡಿದ್ದಳು.

ಮರುದಿನ ನಾಯಿ ಇರಲಿಲ್ಲ. ಬೋರ್ಡುಗಳು ಈಗ ಚೊಕ್ಕವಾಗಿ ಒಣಗುತ್ತವೆ. ಸಂಜೆಯಾದರೆ ಅಜ್ಜಿ ನಾಯಿಯ ತಟ್ಟೆ ಹಿಡಿದು ಗೇಟಿನ ಬಳಿ ನಿಲ್ಲುತ್ತಾಳೆ.

ಅತ್ತೆಯೂ ಹೀಗೆ ನಿಂತಿದ್ದಳೇ? ಕೇಳೋಣವೆಂದರೆ ಅವಳೂ ಇಲ್ಲ.