ಎಡಕ್ಕೆ ಎಳೆಯುವ ಗಾಡಿ

ಮೋಟಾರ್ ಸೈಕಲ್ಲಿನ ಮುಂದಿನ ಗಾಲಿಗೆ ತಾಗುವಂತೆ ಅವ್ವ ಅಂಗಳದಲ್ಲಿ ಒಂದು ನಿಂಬೆಹಣ್ಣು ಇಟ್ಟು ಹಿಂದೆ ಸರಿಯುವಷ್ಟರಲ್ಲಿ, ಏನೇನು ಕೆಡಬಹುದು ಎಂಬುದರ ಪಾರಾಯಣ ನನ್ನೊಳಗೆ ಅರ್ಧ ಮುಗಿದಿತ್ತು. ಆ ಗಾಲಿಯನ್ನು ಹಿಡಿದ ಫೋರ್ಕಿನೊಳಗೆ ನಾವೇ ತುರುಕಿದ ಸ್ಪ್ರಿಂಗು ಮೇಲಿನ ಬಿರಡೆಯನ್ನು ಕಿತ್ತುಕೊಂಡು ನನ್ನ ಗದ್ದಕ್ಕೆ ಹಾರಬಹುದು. ಹೊಸ ಸೀಲು ಸೋರಿ, ಎಣ್ಣೆ ಬ್ರೇಕಿಗೆ ಇಳಿದು, ಬ್ರೇಕು ಹಿಡಿಯದೆ, ಹತ್ತಿಯ ಮೂಟೆ ಹೊತ್ತ ಲಾರಿಯೊಂದರ ಹಿಂಬದಿಯನ್ನು ನಾನು ತೀರ ಹತ್ತಿರದಿಂದ ನೋಡಬೇಕಾಗಬಹುದು. ಗಾಲಿಯ ನಟ್ಟನ್ನು ಬಾಮೈದ ಬಿಗಿ ಮಾಡಿರುತ್ತಾನೆಂದು ನಾನು, ನಾನು ಮಾಡಿರುತ್ತೇನೆಂದು ಬಾಮೈದ ನಂಬಿರಬಹುದು. ಹಿಂದೆ ಕೂರುವ ಅವ್ವನ ಸೆರಗು ಚಕ್ರಕ್ಕೆ ಸುತ್ತಿಕೊಳ್ಳಬಹುದು. ಇವು ಯಾವುವೂ ಆಗದೆ ಕುನ್ನತ್ತೂರನ್ನು ಸುಖವಾಗಿ ತಲುಪಿ, ಇನ್ನು ವಾಪಸು ಬರಬೇಕಲ್ಲ ಎಂಬ ಚಿಂತೆಗೆ ಊಟ ಸೇರದೆ ಹೋಗಬಹುದು.

ನಾನು ಅಂಥವನು, ಸ್ನೇಹಿತರೇ. ಮನೆಯಲ್ಲಿ ಕನ್ನಡ, ಅವಿನಾಶಿ ಪೇಟೆಯಲ್ಲಿರುವ ನನ್ನ ಪಂಪ್‌ಸೆಟ್ ಸಾಮಾನಿನ ಅಂಗಡಿಯಲ್ಲಿ ತಮಿಳು. ಹೆದರುವುದು ಮಾತ್ರ ಎರಡರಲ್ಲೂ ಸರಾಗ. ವಾಷರು, ಸೀಲು ಮಾರಿ ಬದುಕುವವನಿಗೆ ಈ ಜಗತ್ತೇ ಎಲ್ಲಿಂದಲಾದರೂ ಸೋರುವುದಕ್ಕೆಂದು ನಿರ್ಮಿತವಾಗಿದೆ ಎನ್ನಿಸಿದರೆ ಅದು ವೃತ್ತಿಧರ್ಮ ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಅಪ್ಪನ ಪ್ರಕಾರ ಅದು ಅಂಗಡಿಯಿಂದ ಬಂದದ್ದಲ್ಲ, ತಾಯಿಯ ಕಡೆಯಿಂದ ಬಂದ ಆಸ್ತಿ.

ಅಪ್ಪನ ಆ ಹಳೆಯ ಇಂಗ್ಲಿಷ್ ಮೋಟಾರ್ ಸೈಕಲ್ಲು ಮನೆಗೆ ಬಂದಾಗ ನಾನು ಕೊಯಮತ್ತೂರಿನ ಹಾಸ್ಟೆಲಿನಲ್ಲಿದ್ದೆ. ಅಂದಿನಿಂದ, ಕಣ್ಣಿಗೆ ಪೊರೆ ಬಂದು ಗಾಡಿ ಓಡಿಸುವುದನ್ನು ನಿಲ್ಲಿಸುವವರೆಗೂ, ಅಪ್ಪ ಒಂದೇ ಒಂದು ಸಲವೂ ಬಿದ್ದವರಲ್ಲ ಎಂದು ಊರು ಹೇಳುತ್ತಿತ್ತು. ಅಪ್ಪ ಹಾಗೆ ಹೇಳಿಕೊಳ್ಳುತ್ತಿರಲಿಲ್ಲ, ಮೀಸೆಯ ತುದಿಯನ್ನು ಸುಮ್ಮನೆ ತಿರುವುತ್ತಿದ್ದರು. ಅದನ್ನು ನಾನು ವೀರರ ವಿನಯವೆಂದು ತಿಳಿದಿದ್ದೆ. ಅವ್ವ ಆ ಗಾಡಿಯ ಹಿಂದೆ ಕೂತದ್ದನ್ನು ನಾನು ಕಂಡವನಲ್ಲ. ಅವಳ ತವರಾದ ಕುನ್ನತ್ತೂರಿಗೆ ಅಪ್ಪ ಗಾಡಿಯಲ್ಲಿ ಮುಂದಾಗಿ ಹೋಗಿ ಬಸ್ ನಿಲ್ದಾಣದಲ್ಲಿ ಕಾಯುವುದು, ಅವಳು ಬಸ್ಸಿನಲ್ಲಿ ಹಿಂದಾಗಿ ಬರುವುದು, ಇದು ನಮ್ಮ ಮನೆಯ ಪದ್ಧತಿ.

ಗಾಡಿಗೂ ಒಂದು ಪದ್ಧತಿಯಿತ್ತು. ಎಡಕ್ಕೆ ಎಳೆಯುತ್ತಿತ್ತು. ಬೇರೆಯವರಾಗಿದ್ದರೆ ಮೆಕ್ಯಾನಿಕ್ಕನ ಹತ್ತಿರ ಹೋಗುತ್ತಿದ್ದರೇನೋ. ನಾವು ಎತ್ತು ಕಟ್ಟಿ ಬದುಕಿದ ಜನ. ನೊಗದಲ್ಲಿ ಒಂದೆತ್ತು ಎಡಕ್ಕೆ ಜಗ್ಗಿದರೆ ಅದನ್ನು ಬಿಚ್ಚಿ ನೋಡುವುದಿಲ್ಲ, ಹಗ್ಗವನ್ನು ಬಲಕ್ಕೆ ಹಿಡಿದು ಹೊಲ ಮುಗಿಸುತ್ತೇವೆ. ಎತ್ತಿನ ಮೈಮೇಲಿನ ಕೂದಲ ಸುಳಿ ನೋಡಿ ಅದರ ಗುಣ ಹೇಳುವ ನಮ್ಮವರು ಕಬ್ಬಿಣಕ್ಕೂ ಸುಳಿ ಕಟ್ಟಿದರು. ‘ಅದರ ಸುಳಿ ಹಾಗೆ, ಬಲಕ್ಕೆ ಒತ್ತಿ ಹಿಡಿ’ ಎಂಬುದು ಅಪ್ಪ ನನಗೆ ಗಾಡಿ ಕಲಿಸಿದಾಗ ಕೊಟ್ಟ ಮೊದಲ ಪಾಠ. ಅವಿನಾಶಿಯ ಪೇಟೆಯಾಚೆಗೆ ಅದನ್ನು ಒಯ್ಯುವ ಧೈರ್ಯ ನನಗೆ ಎಂದೂ ಬರಲಿಲ್ಲ, ಆದರೆ ಒತ್ತಿ ಹಿಡಿಯುವುದು ಮಾತ್ರ ಅಂಗೈಗೆ ಬಂದುಬಿಟ್ಟಿತು.

ಕುನ್ನತ್ತೂರಿನ ಮಾವನಿಗೆ, ಎಂದರೆ ಅವ್ವನ ತಮ್ಮನಿಗೆ, ಅರವತ್ತರ ಶಾಂತಿ ನಿಗದಿಯಾದಾಗ ಅಪ್ಪ ಅಪ್ಪಣೆ ಮಾಡಿದರು: ಗಾಡಿ ಹೋಗಲೇಬೇಕು, ಓಡಿಸುವವನು ನಾನು. ತಪ್ಪಿಸಿಕೊಳ್ಳಲು ನನಗೆ ಹೊಳೆದ ಉಪಾಯವೆಂದರೆ ಮುಂದಿನ ಫೋರ್ಕನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟದೆ ಹೊರಡುವುದಿಲ್ಲ ಎನ್ನುವುದು. ಗಾಲಿಯನ್ನು ಎರಡು ಕಡೆಯಿಂದ ಹಿಡಿದ ಆ ಜೋಡಿ ಕಾಲುಗಳು ಗುಂಡಿ ಸಿಕ್ಕಾಗಲೆಲ್ಲ ಟಕ್ಕೆಂದು ಬಡಿದುಕೊಳ್ಳುತ್ತಿದ್ದುದೂ, ಎಣ್ಣೆ ಜಿನುಗುತ್ತಿದ್ದುದೂ ನಿಜವೇ. ವಿಚಿತ್ರವೆಂದರೆ ಯಾವುದಕ್ಕೂ ಅಂಜದ ಅಪ್ಪ ಇದಕ್ಕೆ ಅಂಜಿದರು. ಓಡುವ ಗಾಡಿಯ ಹೊಟ್ಟೆ ಬಗೆಯಬಾರದು ಎಂದು ಎರಡು ಹೊತ್ತು ಮುನಿಸಿಕೊಂಡೇ ಉಂಡರು.

ಕೊಯಮತ್ತೂರಿನ ಪಂಪ್ ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿದ್ದ ಬಾಮೈದ ರಂಗಸ್ವಾಮಿ ಭಾನುವಾರ ಸ್ಪಾನರುಗಳ ಚೀಲದೊಂದಿಗೆ ಬಂದ. ಕೈಗಿಂತ ಬಾಯಿ ಮುಂದಿರುವ ಮನುಷ್ಯ. ನಾನು ಹಿಡಿದುಕೊಳ್ಳುವುದು, ಅವನು ಬಿಚ್ಚುವುದು ಎಂದು ಒಪ್ಪಂದವಾಯಿತು. ಹುಣಸೆ ಕಿವುಚಿದ ನೀರಿನಂಥ ಕಪ್ಪೆಣ್ಣೆ ಇಳಿಯಿತು, ಸ್ಪ್ರಿಂಗು ಬಂತು, ಸವೆದ ಬುಷ್ಷಿನ ಬಳೆ ಬಂತು, ಕೊನೆಗೆ ಒಳಗಿನ ಕೊಳವೆ ಬಂತು. ನನ್ನ ಅಂಗಡಿಯ ಕಪಾಟಿನ ಗಾಜನ್ನು ಜಗಲಿಯ ಮೇಲೆ ಹಾಸಿ ರಂಗಸ್ವಾಮಿ ಅದರ ಮೇಲೆ ಕೊಳವೆಯನ್ನು ಲಟ್ಟಣಿಗೆಯಂತೆ ಉರುಳಿಸಿದ. ಅದು ಉರುಳಲಿಲ್ಲ, ಕುಂಟಿತು. ಪ್ರತಿ ಸುತ್ತಿಗೂ ಒಂದು ಕಡೆ ಅಡಿಯಲ್ಲಿ ಬೆಳಕಿನ ಗೆರೆ ಮೂಡಿ ಮಾಯವಾಗುತ್ತಿತ್ತು. ಇನ್ನೊಂದು ಕಾಲಿನ ಕೊಳವೆಯದೂ ಅದೇ ಕತೆ.

“ಬಾವ, ಇದು ಸವೆದದ್ದಲ್ಲ,” ಎಂದ ಅವನು. “ವಂಡಿ ಎಲ್ಲೋ ಬಲವಾಗಿ ಹೊಡೆದೈತೆ.”

ನಾನು ನಕ್ಕೆ. ನಮ್ಮಪ್ಪನ ಗಾಡಿಯ ಬಗ್ಗೆ ಹಾಗೆನ್ನಲು ಅವನಿಗೆ ಎಷ್ಟು ಧೈರ್ಯ ಎಂದುಕೊಂಡು ಮಂಚದ ಮೇಲಿದ್ದ ಅಪ್ಪನತ್ತ ತಿರುಗಿದೆ. ಅಪ್ಪ ಛಾವಣಿ ನೋಡುತ್ತಿದ್ದರು. ಮೊರ ಕೆಳಗಿಟ್ಟು ಬಂದ ಅವ್ವ ಕೊಳವೆಯ ಮೇಲೆ ಅಂಗೈ ಆಡಿಸಿ, ಆ ಬೆಳಕಿನ ಗೆರೆ ಇದ್ದಲ್ಲಿ ನಿಲ್ಲಿಸಿ, ಒಂದೇ ಮಾತು ಹೇಳಿದಳು.

“ಹುರುಳಿ.”

“ಈಗ ಅದು ಯಾಕೆ?” ಎಂದರು ಅಪ್ಪ, ಛಾವಣಿಗೆ.

“ಬಾಯಲ್ಲಿ ಹೇಳಬಾರ್ದು ಅಂತ ನಿಮ್ಮವ್ವ ಆಣೆ ಇಡಿಸಿದ್ರು. ಕಬ್ಬಿಣವೇ ಹೇಳಿದ ಮೇಲೆ ನಂದೇನೈತೆ?”

ಗಾಡಿ ಬಂದ ಹೊಸದರಲ್ಲಿ, ನಾನು ಹಾಸ್ಟೆಲಿನಲ್ಲಿ ಕಣದ ಕೆಲಸಕ್ಕೆ ಹೆದರಿ ಬೀಜಗಣಿತ ಓದುತ್ತಿದ್ದ ದಿನಗಳಲ್ಲಿ, ಅಪ್ಪ ಅವ್ವನನ್ನು ಹಿಂದೆ ಕೂರಿಸಿಕೊಂಡು ಕುನ್ನತ್ತೂರಿನಿಂದ ಬರುತ್ತಿದ್ದರಂತೆ. ಬಂಡಿ ಲಾರಿಗಳು ತುಳಿದು ಕಾಳು ಬಿಡಿಸಲಿ ಎಂದು ಯಾರೋ ರಸ್ತೆಯ ಮೇಲೆ ಹುರುಳಿ ಗಿಡ ಹರಡಿದ್ದರು. ಗಾಡಿ ಜಾರಿ ಮೈಲುಗಲ್ಲಿಗೆ ಬಡಿಯಿತು. ಅಜ್ಜಿ ಇಬ್ಬರಿಗೂ ನಿಂಬೆಹಣ್ಣು ನಿವಾಳಿಸಿ ಎಸೆದು, ಬಿದ್ದ ಸುದ್ದಿಯನ್ನು ಮನೆಯೊಳಗೆ ಬಾಯಿಗೆ ತಂದರೆ ಅದು ದಾರಿ ಹುಡುಕಿಕೊಂಡು ಮತ್ತೆ ಬರುತ್ತದೆಂದು ಆಣೆ ಹಾಕಿಸಿದಳು. ಗಾಡಿಯನ್ನು ಕಣ್ಣಂದಾಜಿನಲ್ಲಿ ನೆಟ್ಟಗೆ ಮಾಡಿದ್ದಾಯಿತು. ಅವ್ವನ ಎಡ ಮಣಿಕಟ್ಟನ್ನೂ ಹಾಗೆಯೇ.

ಆ ಮಣಿಕಟ್ಟು! ಬಡಿಸುವಾಗ ಅವ್ವ ಎಡಗೈಯ ಪಾತ್ರೆಯನ್ನು ಕೊಂಚ ವಾರೆಯಾಗಿ ಹಿಡಿಯುತ್ತಾಳೆ. ಹುಟ್ಟಿನಿಂದಲೇ ಹಾಗೆ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೇ ಅಂದುಕೊಂಡಿದ್ದೆ. ಆ ಕೈಯ ಅನ್ನ ಉಂಡೇ ನಡುವಯಸ್ಸಿಗೆ ಬಂದವನು ಒಂದು ದಿನವೂ ಏಕೆಂದು ಕೇಳಲಿಲ್ಲ. ಲೋಕದಲ್ಲಿ ಆಗಬಹುದಾದ ಅನಾಹುತಗಳನ್ನೆಲ್ಲ ಮುಂಗಡವಾಗಿ ಊಹಿಸಿಟ್ಟುಕೊಂಡ ನಾನು, ಆಗಲೇ ಆಗಿಹೋಗಿದ್ದ ಒಂದನ್ನು ಊಹಿಸಿರಲಿಲ್ಲ. ಜಗಲಿಯ ಮೇಲೆ ಕೂತುಬಿಟ್ಟೆ. ಕೈಯಲ್ಲಿದ್ದ ಸ್ಪ್ರಿಂಗನ್ನು ರಂಗಸ್ವಾಮಿ ಬಿಡಿಸಿಕೊಂಡದ್ದೂ ತಿಳಿಯಲಿಲ್ಲ. ಬೀಳದ ಅಪ್ಪ ಬಿದ್ದಿದ್ದರು. ಪುಕ್ಕಲು ಅವ್ವ ಪುಕ್ಕಲಾಗಿರಲಿಲ್ಲ. ಒಮ್ಮೆ ಬಿದ್ದು, ಲೆಕ್ಕ ಹಾಕಿ, ಬಸ್ಸು ಹತ್ತಿದ್ದಳು. ಹಾಗಾದರೆ ಪಿತ್ರಾರ್ಜಿತವೂ ಅಲ್ಲ, ಮಾತ್ರಾರ್ಜಿತವೂ ಅಲ್ಲ; ನನ್ನ ಈ ಭಯ ಯಾವ ಮೈಲುಗಲ್ಲಿನದು?

ಅಪ್ಪ ಮಂಚದ ಮೇಲೆ ಎದ್ದು ಕೂತು, ಈಗಲಾದರೂ ಒಂದು ಸಲ ಹತ್ತುತ್ತೀಯಾ ಎಂದು ಅವ್ವನನ್ನು ಕೇಳಿದರು. ಅಷ್ಟು ಸಣ್ಣ ದನಿಯಲ್ಲಿ ಅವರು ಏನನ್ನಾದರೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಕೊಳವೆ ನೆಟ್ಟಗಾಗಲಿ, ಇವನು ಓಡಿಸಲಿ, ತಮ್ಮನ ಮನೆಗೆ ಹತ್ತುತ್ತೇನೆ ಎಂದಳು. ಹೀಗೆ ತಪ್ಪಿಸಿಕೊಳ್ಳಲು ಹೂಡಿದ ಉಪಾಯ ನನ್ನನ್ನೇ ನೊಗಕ್ಕೆ ಕಟ್ಟಿತು.

ಕೊಳವೆಗಳು ಕೊಯಮತ್ತೂರಿನ ವರ್ಕ್‌ಶಾಪೊಂದರ, ಕಬ್ಬಿಣ ಒತ್ತುವ ಪ್ರೆಸ್ಸಿನಲ್ಲಿ ನೆಟ್ಟಗಾಗಿ ಬಂದವು. ಬುಷ್ಷು ಲೇತಿನಲ್ಲಿ ಹೊಸದಾಯಿತು. ಎರಡು ಕಾಲಿಗೂ ಎಣ್ಣೆ ಸಮಸಮ ಬೀಳಬೇಕು. ಮಾತಿನ ಭರದಲ್ಲಿ ರಂಗಸ್ವಾಮಿ ಒಂದೇ ಕಾಲಿಗೆ ಎರಡು ಪಾಲು ಸುರಿದದ್ದರಿಂದ, ಎಲ್ಲ ಬಸಿದು ಮತ್ತೆ ಮೊದಲಿನಿಂದ ಅಳೆದೆವು. ತೆಳ್ಳಗಿನ ಎಣ್ಣೆಗೆ ಗಾಡಿಯ ಮೂತಿ ಆಡಿನ ಮರಿಯಂತೆ ನೆಗೆಯಿತು, ಗಟ್ಟಿಯದಕ್ಕೆ ಕಲ್ಲಾಯಿತು. ಬೆರೆಸಿ ಬೆರೆಸಿ ನೋಡುವಾಗ ಅಪ್ಪ ಎದ್ದು ಬಂದು ಹ್ಯಾಂಡಲ್ಲು ಅದುಮಿ, ಒತ್ತಿದರೆ ತಗ್ಗಬೇಕು, ಬಿಟ್ಟರೆ ಮೆಲ್ಲಗೆ ಏಳಬೇಕು ಎಂದು ಹದ ಹೇಳಿದರು.

ಆಗ ನನಗೆ ಹೊಳೆಯಿತು. ಪೆಟ್ಟನ್ನು ಇಲ್ಲವಾಗಿಸುವ ಫೋರ್ಕು ಎಲ್ಲೂ ಇಲ್ಲ. ಸ್ಪ್ರಿಂಗು ಪೆಟ್ಟನ್ನು ನುಂಗುತ್ತದೆ. ನುಂಗಿದ್ದು ಮತ್ತೆ ಮತ್ತೆ ಪುಟಿಯದಂತೆ ಎಣ್ಣೆ ಅದನ್ನು ನಿಧಾನವಾಗಿ ಕರಗಿಸುತ್ತದೆ. ಅಜ್ಜಿಯ ಆಣೆಯೂ ಅಂಥದೇ ಎಣ್ಣೆಯಾಗಿತ್ತೇನೋ. ಆ ಒಂದು ಪೆಟ್ಟನ್ನು ನಮ್ಮ ಮನೆ ಇಷ್ಟು ವರ್ಷ, ದಿನಕ್ಕಿಷ್ಟು, ಬಲಕ್ಕೆ ಒತ್ತಿ ಒತ್ತಿ ಕರಗಿಸಿತ್ತು. ಪ್ರೆಸ್ಸಿಗೆ ಕೊಡಲಾಗದ್ದು ಅವ್ವನ ಮಣಿಕಟ್ಟು ಒಂದೇ.

ಕುನ್ನತ್ತೂರಿಗೆ ಹೋದೆವು, ಉಂಡೆವು, ಬಂದೆವು. ಸ್ಪ್ರಿಂಗು ಹಾರಲಿಲ್ಲ, ಸೀಲು ಸೋರಲಿಲ್ಲ, ನಟ್ಟನ್ನು ಇಬ್ಬರೂ ಬಿಗಿ ಮಾಡಿದ್ದೆವು. ದಾರಿಯುದ್ದಕ್ಕೂ ಅವ್ವನ ವಾರೆ ಕೈ ನನ್ನ ಎಡ ಹೆಗಲ ಮೇಲಿತ್ತು.

ಕೆಟ್ಟದ್ದೇನಿದ್ದರೂ ಆದದ್ದು ಹೊರಡುವ ಮೊದಲೇ, ಅಂಗಳದಲ್ಲಿ. ಎಲ್ಲರೂ ನೋಡುತ್ತಿದ್ದರು. ನಿಂಬೆಹಣ್ಣನ್ನು ಹಿಚುಕಿ ಮುಂದೆ ಸಾಗಲೆಂದು ಕ್ಲಚ್ಚು ಬಿಟ್ಟೆ, ಅಂಗೈ ತನ್ನ ಪಾಠದಂತೆ ಬಲಕ್ಕೆ ಒತ್ತಿತು. ಈಗ ಎಡಕ್ಕೆ ಎಳೆಯುವವರು ಯಾರೂ ಇರಲಿಲ್ಲ. ಗಾಲಿ ವಿಧೇಯವಾಗಿ ಬಲಕ್ಕೆ ತಿರುಗಿತು. ನಿಂಬೆಹಣ್ಣು ಪಕ್ಕಕ್ಕೆ ಚಿಮ್ಮಿ, ಉರುಳಿ, ಅಪ್ಪನ ಕಾಲ ಬಳಿ ನಿಂತಿತು. ಒಡೆಯಲಿಲ್ಲ.

ಅವ್ವ ಬಗ್ಗಿ ಅದನ್ನೆತ್ತಿ ಸೆರಗಿನಲ್ಲಿ ಒರೆಸಿ ಕೈಚೀಲಕ್ಕೆ ಹಾಕಿಕೊಂಡಳು.

“ತಮ್ಮನ ಮನೇಲಿ ರಸಕ್ಕೆ ಹಿಂಡೋಣ,” ಎಂದು ನನ್ನ ಹೆಗಲು ಹಿಡಿದು ಹತ್ತಿ ಕೂತಳು. “ಕೈ ಸಡಿಲ ಬುಡಪ್ಪ. ಅದು ನೆಟ್ಟಗೇ ಹೋಗ್ತೈತೆ.”